ನೆಕ್ಸ್ಟ್, ನೆಕ್ಸ್ಟ್, ಫಿನಿಶ್... ಕನ್ನಡ ಎಲ್ಲಿ ಹೋಯ್ತು?

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಅರ್ಧ ಬರೆದ ಚಾರಣದ ಕಥೆಯೊಂದು, ಓದಿದ ಪುಸ್ತಕದ ಬಗ್ಗೆ ಒಂದೆರಡು ಪ್ಯಾರಾ, ಎಲ್ಲ ಡ್ರಾಫ್ಟಿನಲ್ಲೇ ಕೊಳೀತಾ ಬಿದ್ದಿವೆ. ಅವನ್ನೆಲ್ಲ ಪಕ್ಕಕ್ಕಿಟ್ಟು ಇವತ್ತು ಬೇರೇನೋ ಬರೀಬೇಕು ಅನ್ನಿಸಿದೆ. ಸ್ವಲ್ಪ ಕೋಪದಲ್ಲೇ ಬರೀತಿದ್ದೀನಿ. ಆ ಕೋಪದಲ್ಲಿ ಅರ್ಧ ನನ್ನ ಮೇಲೇ ಇದೆ, ಹಾಗಾಗಿ ಓದುವಾಗ ಸ್ವಲ್ಪ ಹೊಟ್ಟೆಗೆ ಹಾಕ್ಕೊಳ್ಳಿ.

ವಿಷಯ ಏನು ಅಂದ್ರೆ ನಗ್ತೀರಿ. ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹಾಕೋದು! ಅದರಲ್ಲೂ ಯಾರೂ ಮುಂದೆ ಕೂರದೆ ತಾನಾಗೇ ಇನ್‌ಸ್ಟಾಲ್ ಆಗೋ ಹಾಗೆ ಮಾಡೋದು. ಇದರ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಏನಿದೆ ಅಂತೀರಾ? ನಾನೂ ಮೂರು ತಿಂಗಳ ಹಿಂದಿನವರೆಗೆ ಹಾಗೇ ಅಂದುಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಬೋರ್ಡುಗಳ ಮೇಲೆ, ಎಫ್‌ಎಂ ರೇಡಿಯೋದಲ್ಲಿ, ಬ್ಯಾಂಕಿನ ಚಲನ್ನಿನಲ್ಲಿ ನಾವು ಹುಡುಕುವ ಕನ್ನಡ ನಿಜವಾಗಿ ಕಾಣೆಯಾಗ್ತಿರೋ ಜಾಗಗಳಲ್ಲಿ ಇದೂ ಒಂದು. ಮತ್ತೆ ಕಾಣೆ ಮಾಡ್ತಿರೋರು ಹೊರಗಿನವರಲ್ಲ, ನಮ್ಮಂಥ ಕನ್ನಡದ ಹುಡುಗರೇ.

ಮೊದಲು ಈ ಕೆಲಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಗೊತ್ತಿರೋರು ಒಂದು ಕಾಫಿ ಕುಡಿದು ಬನ್ನಿ :)

ಹೊಸ ಕಂಪ್ಯೂಟರಿಗೆ ವಿಂಡೋಸೋ ಲಿನಕ್ಸೋ ಹಾಕುವಾಗ ಇನ್‌ಸ್ಟಾಲರ್ ಒಂದಷ್ಟು ಪ್ರಶ್ನೆ ಕೇಳುತ್ತೆ. ಯಾವ ಭಾಷೆ? ಯಾವ ಕೀಬೋರ್ಡು? ಯಾವ ದೇಶದ ಸಮಯ? ಯಾವ ಡಿಸ್ಕು ಅಳಿಸಲಿ? ಪಾಸ್‌ವರ್ಡ್ ಏನು? ಒಂದು ಕಂಪ್ಯೂಟರಾದರೆ ಕೂತು ನೆಕ್ಸ್ಟ್, ನೆಕ್ಸ್ಟ್ ಒತ್ತಬಹುದು. ಅರವತ್ತು ಕಂಪ್ಯೂಟರಿದ್ದರೆ? ಆರುನೂರು ಇದ್ದರೆ? ಅದಕ್ಕೇ ಎಲ್ಲ ಪ್ರಶ್ನೆಗಳ ಉತ್ತರವನ್ನೂ ಮೊದಲೇ ಒಂದು ಫೈಲಿನಲ್ಲಿ ಬರೆದಿಡುತ್ತೇವೆ. ಅದರ ಹೆಸರೇ ಆನ್ಸರ್ ಫೈಲ್. ಪ್ರಶ್ನೆ ಪತ್ರಿಕೆ ಲೀಕಾದ ಪರೀಕ್ಷೆ ಇದ್ದಂಗೆ, ಉತ್ತರ ಬರೆದುಕೊಂಡೇ ಒಳಗೆ ಹೋಗೋದು! ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದು ಒಂದು ಸಾದಾ ಟೆಕ್ಸ್ಟ್ ಫೈಲು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಿಂದ ಈಚೆಗೆ ಎಕ್ಸ್‌ಎಂಎಲ್ ಫೈಲು. ರೆಡ್ ಹ್ಯಾಟ್ ಕಡೆಯವರು ಇದನ್ನೇ ಕಿಕ್‌ಸ್ಟಾರ್ಟ್ ಅಂತಾರೆ, ಡೆಬಿಯನ್‌ನವರು ಪ್ರಿಸೀಡ್ ಅಂತಾರೆ, ಸೂಸೆಯವರು ಆಟೋಯಾಸ್ಟ್. ಉಬುಂಟು ಸರ್ವರ್ 20.04ರಿಂದ ಹೊಸದಾಗಿ ಆಟೋಇನ್‌ಸ್ಟಾಲ್ ಅಂತ ಶುರು ಮಾಡಿದರು. ಹೆಸರು ನೂರಾದರೂ ಸಂಗತಿ ಒಂದೇ.

ಪೆನ್‌ಡ್ರೈವ್ ಕೂಡ ಬೇಡ ಅನ್ನೋರಿಗೆ ನೆಟ್‌ವರ್ಕ್ ಬೂಟ್ ಇದೆ, ಪಿಎಕ್ಸ್‌ಇ ಅಂತ. ಕಂಪ್ಯೂಟರ್ ಆನ್ ಆದ ಕೂಡಲೇ "ನನಗೊಂದು ವಿಳಾಸ ಕೊಡಿ" ಅಂತ ನೆಟ್‌ವರ್ಕಿನಲ್ಲಿ ಕೂಗುತ್ತೆ. ಡಿಎಚ್‌ಸಿಪಿ ಸರ್ವರ್ ವಿಳಾಸದ ಜೊತೆಗೆ "ಇಂಥ ಸರ್ವರಿಗೆ ಹೋಗಿ ಇಂಥ ಫೈಲು ತಗೋ" ಅಂತಾನೂ ಹೇಳುತ್ತೆ. ಟಿಎಫ್‌ಟಿಪಿಯಲ್ಲಿ ಆ ಪುಟ್ಟ ಫೈಲು ಬರುತ್ತೆ, ಅದು ದೊಡ್ಡದನ್ನು ಕರೆದುಕೊಂಡು ಬರುತ್ತೆ, ಆಮೇಲೆ ಇನ್‌ಸ್ಟಾಲರ್, ಅದರ ಹಿಂದೆ ನಮ್ಮ ಆನ್ಸರ್ ಫೈಲು. ಒಂದು ಊಟ ಮುಗಿಸಿ ಬರೋದ್ರೊಳಗೆ ಸಾಲಾಗಿ ನಿಂತ ಅಷ್ಟೂ ಯಂತ್ರಗಳು ಲಾಗಿನ್ ಸ್ಕ್ರೀನ್ ತೋರಿಸ್ತಾ ಕೂತಿರ್ತವೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು, ಸುಳ್ಳು ಹೇಳಲ್ಲ.

ಇದಕ್ಕೆ ಎದುರು ಪಕ್ಷ ಒಂದಿದೆ: ಇಮೇಜ್ ಪಕ್ಷ. ಒಂದು ಕಂಪ್ಯೂಟರನ್ನು ಚೆನ್ನಾಗಿ ತಯಾರು ಮಾಡು, ಅದರ ಡಿಸ್ಕನ್ನು ಇಡಿಯಾಗಿ ನಕಲು ತೆಗಿ, ಉಳಿದವಕ್ಕೆ ಅದನ್ನೇ ಮೆತ್ತು. ನ್ಯೂಜಿಲೆಂಡಿನಲ್ಲಿ ಹುಟ್ಟಿ 1998ರಲ್ಲಿ ಸಿಮ್ಯಾಂಟೆಕ್ ಪಾಲಾದ ಘೋಸ್ಟ್ ಎಂಬ ಸಾಫ್ಟ್‌ವೇರ್ ಎಷ್ಟು ಜನಪ್ರಿಯ ಆಯ್ತು ಅಂದ್ರೆ, ನಮ್ಮ ಎಸ್‌ಪಿ ರೋಡಿನಲ್ಲಿ ಇವತ್ತಿಗೂ "ಘೋಸ್ಟ್ ಹೊಡೀರಿ" ಅನ್ನೋದು ಕ್ರಿಯಾಪದ. ತೈವಾನಿನ ಕ್ಲೋನ್‌ಝಿಲ್ಲಾ ಬಳಸಿದರೂ ಹೇಳೋದು ಘೋಸ್ಟೇ.

ನಾನು ಮೊದಲಿನಿಂದಲೂ ಆನ್ಸರ್ ಫೈಲ್ ಪಕ್ಷ. ಇಮೇಜು ಅಂದ್ರೆ ಪಕ್ಕದ ಮನೆಯಿಂದ ತಂದ ಹೆಪ್ಪು. ಮೊಸರೇನೋ ಆಗುತ್ತೆ, ಆದರೆ ಅದರಲ್ಲಿ ಏನೇನಿದೆ ಅಂತ ಯಾರಿಗೂ ಗೊತ್ತಿಲ್ಲ. ಆನ್ಸರ್ ಫೈಲ್ ಅಂದ್ರೆ ಅಡುಗೆ ಪುಸ್ತಕದ ಹಾಳೆ. ಎಷ್ಟು ಉಪ್ಪು, ಎಷ್ಟು ಹುಳಿ ಅಂತ ಬರೆದಿದೆ. ತಪ್ಪಿದ್ದರೆ ತಿದ್ದಬಹುದು, ಯಾರು ಯಾವಾಗ ತಿದ್ದಿದರು ಅಂತಲೂ ನೋಡಬಹುದು.

ಇದು ಬರೀ ರುಚಿಯ ಮಾತಲ್ಲ. ವಿಂಡೋಸ್ ಪ್ರತಿ ಯಂತ್ರಕ್ಕೂ ಎಸ್‌ಐಡಿ ಅಂತ ಒಂದು ಗುರುತು ಕೊಡುತ್ತೆ. ಸಿಸ್‌ಪ್ರೆಪ್ ಮಾಡದೆ ಡಿಸ್ಕು ನಕಲು ಮಾಡಿದರೆ ಆ ಗುರುತೂ ನಕಲಾಗುತ್ತೆ. "ಅದರಿಂದ ಏನೂ ತೊಂದರೆ ಇಲ್ಲ ಬಿಡ್ರೀ" ಅಂತ 2009ರಲ್ಲಿ ಸ್ವತಃ ಮೈಕ್ರೋಸಾಫ್ಟಿನ ಮಾರ್ಕ್ ರುಸಿನೋವಿಚ್ ಬರೆದಿದ್ದರು, ಎಲ್ಲರೂ ನೆಮ್ಮದಿಯಾಗಿದ್ದರು. 2025ರ ಆಗಸ್ಟ್ 29ರಿಂದ ಈಚೆಗಿನ ಅಪ್‌ಡೇಟುಗಳು ವಿಂಡೋಸ್ 11ರ 24ಎಚ್2, 25ಎಚ್2 ಮತ್ತು ಸರ್ವರ್ 2025ರಲ್ಲಿ ಈ ಗುರುತನ್ನು ಬಿಗಿಯಾಗಿ ಪರೀಕ್ಷೆ ಮಾಡೋಕೆ ಶುರು ಮಾಡಿದವು. ಒಂದೇ ಎಸ್‌ಐಡಿ ಇರೋ ಎರಡು ಯಂತ್ರಗಳು ಒಂದರೊಳಗೊಂದು ಲಾಗಿನ್ ಆಗೋಕೇ ಆಗಲ್ಲ! ಹದಿನಾರು ವರ್ಷ ಬಾಲ ಮುದುರಿಕೊಂಡು ಮಲಗಿದ್ದ ದೆವ್ವ ಎದ್ದು ಕೂತಿತು. ಘೋಸ್ಟ್ ಅಂತ ಸುಮ್ಮನೆ ಹೆಸರಿಟ್ಟಿಲ್ಲ ನೋಡಿ. ಲಿನಕ್ಸಿನಲ್ಲೂ ಇದೇ ಕಥೆ. ಮಷೀನ್ ಐಡಿ ಸಮೇತ ನಕಲು ಮಾಡಿದರೆ ಎರಡು ಯಂತ್ರಗಳು ಒಂದೇ ಐಪಿ ವಿಳಾಸಕ್ಕೆ ಜಗಳ ಆಡ್ತವೆ.

ಇಲ್ಲೀವರೆಗೆ ಓದಿದ ಇಮೇಜ್ ಪಕ್ಷದವರು ಹಲ್ಲು ಕಡೀತಿದ್ದೀರಿ ಅಂತ ಗೊತ್ತು. ಸಮಾಧಾನ. ಈಗ ನಾನು ಸೋತ ಕಥೆ ಹೇಳ್ತೀನಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದ್ದು ನಿಮಗೆಲ್ಲ ಗೊತ್ತು. ಅದರ ಆಚೀಚೆ ಬೆಂಗಳೂರಿನಲ್ಲಿ ಎಷ್ಟು ಆಫೀಸುಗಳು ಹೊಸ ಯಂತ್ರ ತಂದವೋ ಲೆಕ್ಕವಿಲ್ಲ. ನಾವು ಕೂರೋದು ವೈಟ್‌ಫೀಲ್ಡಿನಲ್ಲಿ. ನಮಗೆ ಸಿಕ್ಕ ಕೆಲಸ ಪೀಣ್ಯದ ಒಂದು ಕಾರ್ಖಾನೆಯದು. ಗೇರು, ಶಾಫ್ಟು ಮಾಡೋ ಜಾಗ. ಅರವತ್ತು ಕಂಪ್ಯೂಟರು. ಅಲ್ಲಿ ಹಿಂದೆ ಇದ್ದದ್ದು ಇಮೇಜು. ಯಾರೋ ಎಂದೋ ಒಂದು ಯಂತ್ರದಿಂದ ತೆಗೆದದ್ದು, ವರ್ಷಗಟ್ಟಲೆ ಅದನ್ನೇ ಮೆತ್ತಿಕೊಂಡು ಬಂದಿದ್ದರು. ಡೆಸ್ಕ್‌ಟಾಪಿನಲ್ಲಿ ಯಾರದ್ದೋ ಮಗುವಿನ ಹುಟ್ಟುಹಬ್ಬದ ಫೋಟೋ ಅರವತ್ತೂ ಯಂತ್ರಗಳಲ್ಲಿ! ನಾನು ಮನಸ್ಸಿನಲ್ಲೇ ನಕ್ಕೆ. ಇದೆಲ್ಲ ಗುಡಿಸಿ ಹಾಕ್ತೀನಿ, ಶುದ್ಧವಾದ ಆನ್ಸರ್ ಫೈಲ್ ಬರೀತೀನಿ ಅಂತ ಹೊರಟೆ.

ಬರೆದೆ ಅನ್ನೋದಕ್ಕಿಂತ ಹಳೇ ಟೆಂಪ್ಲೇಟು ಕಾಪಿ ಮಾಡಿದೆ. ಭಾಷೆ: ಅಮೆರಿಕದ ಇಂಗ್ಲಿಷ್. ಕೀಬೋರ್ಡು: ಅಮೆರಿಕದ್ದೇ. ಟೈಮ್ ಝೋನ್ ಒಂದು ಬದಲಾಯಿಸಿದೆ, ಇಂಡಿಯಾ ಸ್ಟ್ಯಾಂಡರ್ಡ್ ಟೈಮ್. ಒಂದು ಶನಿವಾರ ಪರ್ಪಲ್ ಲೈನ್ ಹಿಡಿದು ಮೆಜೆಸ್ಟಿಕ್ಕಿಗೆ ಬಂದು, ಗ್ರೀನ್ ಲೈನ್ ಹತ್ತಿ ಪೀಣ್ಯಕ್ಕೆ ಹೋಗಿ, ಸಂಜೆ ಒಳಗೆ ಅರವತ್ತೂ ಮುಗಿಸಿ ಬಂದೆ. ಮ್ಯಾನೇಜರು ಬೆನ್ನು ತಟ್ಟಿದರು. ಮೆಟ್ರೋದಲ್ಲಿ ವಾಪಸ್ ಬರುವಾಗ ಬೀಗ್ತಾ ಇದ್ದೆ.

ಮೂರು ವಾರ ಆದ ಮೇಲೆ ಬೇರೆ ಯಾವುದೋ ಪ್ರಿಂಟರ್ ಸಮಸ್ಯೆ ಅಂತ ಮತ್ತೆ ಅಲ್ಲಿಗೆ ಹೋದೆ. ಶಾಪ್ ಫ್ಲೋರಿನ ಪಕ್ಕದ ಗಾಜಿನ ಕೋಣೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಒಬ್ಬರು, ಐವತ್ತು ದಾಟಿದ ಹಿರಿಯರು, ನನ್ನನ್ನು ಕಂಡು ಎದ್ದು ನಿಂತರು.

"ಸಾರ್, ಕಂಪ್ಯೂಟರ್ ಹಾಕಿದ್ದು ನೀವೇ ಅಲ್ವಾ?"

"ಹೌದು ಸರ್, ಏನಾಯ್ತು?"

"ಏನಿಲ್ಲ ಸಾರ್... ಕನ್ನಡ ಹೊರಟೋಯ್ತಲ್ಲ, ಅದನ್ನ ಬೇಕಂತ ತೆಗ್ದಿದ್ದಾ, ಇಲ್ಲಾ ಮರ್ತು ಬಿಟ್ಟಿದ್ದಾ?"

ನನಗೆ ಅರ್ಥವೇ ಆಗಲಿಲ್ಲ. ಕೂತು ಕೇಳಿದಾಗ ಗೊತ್ತಾಯ್ತು. ಆ ಹಳೇ ಇಮೇಜು ತೆಗೆದ ಯಂತ್ರದಲ್ಲಿ ಯಾರೋ ಪುಣ್ಯಾತ್ಮರು ನುಡಿ ತಂತ್ರಾಂಶ ಹಾಕಿಟ್ಟಿದ್ದರು. ಹಾಗಾಗಿ ಅರವತ್ತೂ ಯಂತ್ರಗಳಲ್ಲಿ ನುಡಿ ಇತ್ತು. ಇವರು ಹತ್ತು ವರ್ಷದಿಂದ ಶಿಫ್ಟ್ ಲಾಗನ್ನು ಕನ್ನಡದಲ್ಲೇ ಬರೀತಿದ್ದರು, ಕ-ಗ-ಪ ಕೀಲಿಮಣೆಯಲ್ಲಿ. ಯಾವ ಮಷೀನು ಸದ್ದು ಮಾಡ್ತಿದೆ, ಯಾವ ಬೇರಿಂಗ್ ಬಿಸಿಯಾಗ್ತಿದೆ, ರಾತ್ರಿ ಪಾಳಿಯವರು ಏನು ನೋಡಬೇಕು, ಎಲ್ಲ. ಹೊಸ ಯಂತ್ರದಲ್ಲಿ ನುಡಿ ಇಲ್ಲ. ಕನ್ನಡ ಕೀಬೋರ್ಡೂ ಇಲ್ಲ. ಸೇರಿಸಿಕೊಳ್ಳೋಣ ಅಂದ್ರೆ ಸೆಟ್ಟಿಂಗ್ಸ್ ಪುಟಕ್ಕೇ ನಾನು ಬೀಗ ಹಾಕಿದ್ದೆ, ಸೆಕ್ಯುರಿಟಿ ಅಂತ. ನುಡಿಯ ಹಳೇ ಫಾಂಟಿನಲ್ಲಿ ಬರೆದಿಟ್ಟ ಲಾಗುಗಳನ್ನು ತೆರೆದರೆ, ಫಾಂಟೇ ಇಲ್ಲದ್ದರಿಂದ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣ್ತಿತ್ತು.

"ಮತ್ತೆ ಈಗ ಹೇಗೆ ಬರೀತೀರಿ ಸರ್?"

"ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೀತೀವಿ ಸಾರ್, ವಾಟ್ಸಾಪ್ ಥರ."

ಆ 'ವಾಟ್ಸಾಪ್ ಥರ'ದ ಬೆಲೆ ಏನು ಗೊತ್ತಾ? ಒಂದು ಗೇರಿನ ಮೂರು ಹಲ್ಲು ಮುರಿದಿವೆ ನೋಡಿ ಅಂತ ಇವರು ಬರೆದಿದ್ದಾರೆ. ಹಲ್ಲು ಅನ್ನೋದನ್ನು ಅವಸರದಲ್ಲಿ ಎಚ್, ಎ, ಎಲ್, ಯು ಅಂತ ನಾಲ್ಕೇ ಅಕ್ಷರದಲ್ಲಿ ಮುಗಿಸಿದ್ದಾರೆ. ಹಲ್ಲೋ, ಹಾಲೋ, ಹಾಳೋ? ರಾತ್ರಿ ಪಾಳಿಯವರು ಅದನ್ನು 'ಗೇರ್ ಮೂರು ಹಾಳು' ಅಂತ ಓದಿದರು. ಮೂರನೇ ನಂಬರಿನ ಗೇರ್‌ಬಾಕ್ಸ್ ಬಿಚ್ಚಿ ಕೂತರು. ಚೆನ್ನಾಗಿದ್ದ ಗೇರ್‌ಬಾಕ್ಸು! ನಿಜವಾಗಿ ಹಲ್ಲು ಮುರಿದಿದ್ದ ಯಂತ್ರ ಬೆಳಗಿನವರೆಗೂ ಓಡ್ತಾನೇ ಇತ್ತು. ಯಾರ ಕೈಯೂ ಹೋಗಲಿಲ್ಲ, ಅದು ನನ್ನ ಅದೃಷ್ಟ. ಅರ್ಧ ಪಾಳಿಯ ಕೆಲಸ ಮತ್ತು ಒಂದು ಶಾಫ್ಟು ಹೋಯ್ತು. ಬೈಸಿಕೊಂಡಿದ್ದು ಮಾತ್ರ ಈ ಹಿರಿಯರು, "ಸರಿಯಾಗಿ ಬರೆಯೋಕೆ ಬರಲ್ವೇನ್ರೀ" ಅಂತ.

ಹತ್ತು ವರ್ಷ ಸರಿಯಾಗಿ ಬರೆದವರಿಗೆ ಬರೆಯೋಕೆ ಬರಲ್ಲ ಅನ್ನಿಸಿದ್ದು ಯಾರು? ನಾನು. ನನ್ನ ಫೈಲಿನ ಒಂದು ಸಾಲು.

ಈಗ ಇಮೇಜ್ ಪಕ್ಷದವರು ಚಪ್ಪಾಳೆ ಹೊಡೀಬಹುದು. "ನೋಡಪ್ಪಾ, ನಮ್ಮ ಕೊಳಕು ಇಮೇಜಿನಲ್ಲಿ ಕನ್ನಡ ಇತ್ತು, ನಿನ್ನ ಶುದ್ಧ ಫೈಲಿನಲ್ಲಿ ಹೋಯ್ತು." ನಿಜ. ಮೊದಲ ಎರಡು ದಿನ ನನಗೂ ಹಾಗೇ ಅನ್ನಿಸಿತ್ತು. ಆದರೆ ಯೋಚಿಸಿ ನೋಡಿ. ಆ ಇಮೇಜಿನಲ್ಲಿ ಕನ್ನಡ ಇದ್ದದ್ದು ಯಾರೋ ತೀರ್ಮಾನಿಸಿದ್ದರಿಂದಲ್ಲ. ಹುಟ್ಟುಹಬ್ಬದ ಫೋಟೋ ಹೇಗೆ ಬಂತೋ ಹಾಗೇ ಬಂದಿತ್ತು. ಆಕಸ್ಮಿಕ. ಎಲ್ಲೂ ಬರೆದಿರಲಿಲ್ಲ. ಬರೆದಿರದ ಕಾರಣಕ್ಕೇ ಅದನ್ನು ತೆಗೀವಾಗ ನನಗೆ ಏನು ತೆಗೀತಿದ್ದೀನಿ ಅಂತ ಗೊತ್ತಾಗಲಿಲ್ಲ. ಕನ್ನಡ ಆಕಸ್ಮಿಕವಾಗಿ ಉಳಿದಿರೋ ಜಾಗದಿಂದ ಆಕಸ್ಮಿಕವಾಗೇ ಹೋಗುತ್ತೆ. ಉಳೀಬೇಕು ಅಂದ್ರೆ ಬರೆದಿಡಬೇಕು. ಅದಕ್ಕೇ ಹೇಳೋದು, ನನ್ನ ಪಕ್ಷ ಬದಲಾಗಿಲ್ಲ. ಆದರೆ ನನ್ನ ಪಕ್ಷದವರ ಅಹಂಕಾರಕ್ಕೆ ಒಂದು ಏಟು ಬೀಳಬೇಕಿತ್ತು, ಬಿತ್ತು.

ಇನ್ನೊಂದು ಹೋಲಿಕೆ ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಕಿಕ್‌ಸ್ಟಾರ್ಟ್ ಫೈಲಿನಲ್ಲಿ 'ಕ್ಲಿಯರ್‌ಪಾರ್ಟ್ ಆಲ್' ಅಂತ ಬರೆದು, ಯಾವ ಡಿಸ್ಕು ಅಂತ ಹೇಳೋದನ್ನೇ ಮರೆತಿದ್ದೆ. ಇನ್‌ಸ್ಟಾಲರ್ ಬಹಳ ವಿಧೇಯ. ಆಪರೇಟಿಂಗ್ ಸಿಸ್ಟಮಿನ ಡಿಸ್ಕಿನ ಜೊತೆ ಪಕ್ಕದಲ್ಲಿದ್ದ ಡೇಟಾ ಡಿಸ್ಕನ್ನೂ ನುಣ್ಣಗೆ ಮಾಡಿಬಿಟ್ಟಿತು. ಹತ್ತೇ ನಿಮಿಷದಲ್ಲಿ ಫೋನು, ಕೂಗಾಟ, ಬ್ಯಾಕಪ್ಪಿಗೆ ಓಟ. ಅವತ್ತಿನಿಂದ ನಾನು ಡಿಸ್ಕಿನ ಹೆಸರು ಬರೆಯದೆ ಆ ಸಾಲು ಬರೆದಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿದರೆ ಡಿಸ್ಕುಗಳ ಕ್ರಮವೇ ಬದಲಾಗಬಹುದು ಅಂತ, ಎಸ್‌ಡಿಎ ಎಸ್‌ಡಿಬಿ ಅನ್ನೋ ಹೆಸರನ್ನೂ ನಂಬದೆ ಡಿಸ್ಕಿನ ಖಾಯಂ ಐಡಿ ಬರೀತೀನಿ.

ಆ ತಪ್ಪಿಗೂ ಈ ತಪ್ಪಿಗೂ ವ್ಯತ್ಯಾಸ ನೋಡಿ. ಡಿಸ್ಕು ಅಳಿಸಿದಾಗ ಹತ್ತು ನಿಮಿಷದಲ್ಲಿ ಫೋನು ಬಂತು. ಕನ್ನಡ ಅಳಿಸಿದಾಗ ಮೂರು ವಾರ ಒಬ್ಬರೂ ಫೋನು ಮಾಡಲಿಲ್ಲ. ಹೆಲ್ಪ್‌ಡೆಸ್ಕಿಗೆ ಒಂದೇ ಒಂದು ಟಿಕೆಟ್ ಇಲ್ಲ. ಯಾಕೆ? ಟಿಕೆಟ್ ಹಾಕೋ ಫಾರ್ಮು ಇಂಗ್ಲಿಷಿನಲ್ಲಿದೆ! ಕನ್ನಡ ಇಲ್ಲ ಅಂತ ದೂರು ಕೊಡೋಕೂ ಇಂಗ್ಲಿಷ್ ಬೇಕು. ಹಾಗಾಗಿ ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಹಸಿರು. "ಯಾರೂ ಕೇಳ್ತಿಲ್ಲ" ಅಂತ ನಾವು ಹೇಳೋ ಮಾತಿನ ಒಳಗುಟ್ಟು ಇದು.

ಮತ್ತೆ ಇದಕ್ಕೆಲ್ಲ ತಂತ್ರಜ್ಞಾನ ಇಲ್ಲ ಅಂತ ಮಾತ್ರ ಹೇಳಬೇಡಿ. ಎಲ್ಲ ಇದೆ. ವಿಂಡೋಸ್ 2000ದಲ್ಲಿ ಕನ್ನಡ ಇರಲಿಲ್ಲ, 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಬಂತು. ಆಗ ಕಂಟ್ರೋಲ್ ಪ್ಯಾನೆಲಿನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಒಂದು ಪುಟ್ಟ ಚೌಕಕ್ಕೆ ಟಿಕ್ ಹಾಕಿ, ವಿಂಡೋಸ್ ಸೀಡಿ ತುರುಕಬೇಕಿತ್ತು. ಹಳೇ ಕನ್ನಡ ಬ್ಲಾಗುಗಳನ್ನು ಓದಿದವರಿಗೆ "ಕನ್ನಡ ಸರಿಯಾಗಿ ಕಾಣ್ತಿಲ್ವಾ?" ಅನ್ನೋ ಕೊಂಡಿ ನೆನಪಿರಬಹುದು, ಅದೇ ಇದು. ಆ ಎಕ್ಸ್‌ಪಿ ಕಾಲದ ಆನ್ಸರ್ ಫೈಲಿನಲ್ಲೂ ಲ್ಯಾಂಗ್ವೇಜ್ ಗ್ರೂಪ್ ಅಂತ ಒಂದು ಸಾಲು ಇತ್ತು. ಅದರಲ್ಲಿ 15 ಅಂತ ಬರೆದರೆ ಭಾರತೀಯ ಭಾಷೆಗಳೆಲ್ಲ ತಾವಾಗೇ ಬಂದು ಕೂರ್ತಿದ್ದವು. ಎರಡೇ ಅಂಕಿ. ಆ ಎರಡಂಕಿ ಬರೆಯದೇ ಇದ್ದದ್ದಕ್ಕೆ ಎಷ್ಟು ಸೈಬರ್ ಕೆಫೆ, ಎಷ್ಟು ಆಫೀಸುಗಳಲ್ಲಿ ಕನ್ನಡ ಬರೀ ಡಬ್ಬಿಗಳಾಗಿ ಕಂಡಿತೋ.

ಈಗ ಇನ್ನೂ ಸುಲಭ. ನಿರ್ಮಲಾ ಫಾಂಟು ಇರೋದ್ರಿಂದ ಓದೋಕೆ ಏನೂ ಮಾಡಬೇಕಿಲ್ಲ. ಬರೆಯೋಕೆ ಎಕ್ಸ್‌ಎಂಎಲ್‌ನ ಇನ್‌ಪುಟ್ ಲೊಕೇಲ್ ಸಾಲಿನಲ್ಲಿ ಇಂಗ್ಲಿಷಿನ 0409 ಆದ ಮೇಲೆ ಒಂದು ಅರ್ಧವಿರಾಮ ಹಾಕಿ ಕನ್ನಡದ 044ಬಿ ಸೇರಿಸಿದರೆ ಮುಗೀತು. ತುಂಗಾ ಬೇಕಿದ್ದರೆ ಕನ್ನಡದ ಹೆಚ್ಚುವರಿ ಫಾಂಟುಗಳು ಅಂತ ಐಚ್ಛಿಕ ಅಂಗವಾಗಿ ಸಿಗುತ್ತೆ. ಕಿಕ್‌ಸ್ಟಾರ್ಟಿನಲ್ಲಿ ಲ್ಯಾಂಗ್ ಸಾಲಿಗೆ 'ಆಡ್‌ಸಪೋರ್ಟ್' ಅಂತ ಕನ್ನಡ ಸೇರಿಸಬಹುದು, ಕೀಬೋರ್ಡ್ ಸಾಲಿಗೆ ಕನ್ನಡ ವಿನ್ಯಾಸ ಕೊಡಬಹುದು. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಮಾತ್ರ ಅಲ್ಲ, ಕ-ಗ-ಪ ಅನ್ನೋ ಹೆಸರಿನಲ್ಲೇ ಒಂದು ವಿನ್ಯಾಸ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಕ್ರಮ ಪ್ರಪಂಚದ ಯಾವ ಮೂಲೆಯ ಲಿನಕ್ಸ್ ಯಂತ್ರದಲ್ಲಾದರೂ ಕಾಯ್ತಾ ಕೂತಿದೆ, ಪೀಣ್ಯದಲ್ಲಿ ಮಾತ್ರ ಇಲ್ಲ ಅಂದ್ರೆ ಏನನ್ನಬೇಕು?

ಇನ್ನೊಂದು ವಿಷಯ ನೆನೆದರೆ ಹೊಟ್ಟೆ ಉರಿಯುತ್ತೆ. ಡೆಬಿಯನ್ ಇನ್‌ಸ್ಟಾಲರ್‌ನ ಮೊಟ್ಟಮೊದಲ ಪರದೆಯಲ್ಲಿ ಭಾಷೆಗಳ ಪಟ್ಟಿ ಬರುತ್ತೆ, ಅದರಲ್ಲಿ ಕನ್ನಡ ಅಂತ ಕನ್ನಡದಲ್ಲೇ ಬರೆದಿದೆ. ಯಾರೋ ನಮ್ಮವರು ರಾತ್ರಿ ನಿದ್ದೆಗೆಟ್ಟು, ಒಂದು ರೂಪಾಯಿ ತಗೊಳ್ಳದೆ, ಸಾಲುಸಾಲಾಗಿ ಅನುವಾದ ಮಾಡಿದ್ದರಿಂದ ಬಂದದ್ದು ಅದು. ನಮ್ಮ ಆಟೋಮೇಷನ್ ಮಾಡೋ ಮೊದಲ ಕೆಲಸ ಏನು ಗೊತ್ತಾ? ಆ ಪರದೆಯನ್ನು ಹಾರಿಸೋದು! ಕನ್ನಡ ಬೇಕಾ ಅಂತ ಕೇಳೋ ಒಂದೇ ಒಂದು ಗಳಿಗೆಯನ್ನು ಅಳಿಸಿ, ಎಲ್ಲರ ಪರವಾಗಿ "ಬೇಡ" ಅಂತ ನಾವೇ ಬರೆದು ಕೊಡ್ತೀವಿ. ಕೈಯಲ್ಲಿ ಇನ್‌ಸ್ಟಾಲ್ ಮಾಡುವಾಗ ಅರವತ್ತು ಸಲ ಕಣ್ಣಿಗೆ ಬೀಳುತ್ತಿದ್ದ ಪ್ರಶ್ನೆ, ಈಗ ಒಬ್ಬ ಇಂಜಿನಿಯರಿಗೆ ಒಂದು ಸಲ ಬೀಳುತ್ತೆ. ಅವನೂ ಟೆಂಪ್ಲೇಟ್ ಕಾಪಿ ಮಾಡಿದರೆ ಒಂದು ಸಲವೂ ಬೀಳಲ್ಲ.

2023ರ ಡಿಸೆಂಬರ್ 27ರಂದು ಕರ್ನಾಟಕ ರಕ್ಷಣಾ ವೇದಿಕೆಯವರು ಬೀದಿಗಿಳಿದದ್ದು ನೆನಪಿದೆಯಲ್ವಾ? ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ. ಮುಂದಿನ ವರ್ಷ ಕಾನೂನೂ ಬಂತು. ಅವರ ದಾರಿ ಸರಿಯೋ ತಪ್ಪೋ ಅಂತ ನಾವೆಲ್ಲ ಪುಟಗಟ್ಟಲೆ ಚರ್ಚೆ ಮಾಡಿದೆವು. ಚರ್ಚೆ ಮಾಡಿದ ಕಂಪ್ಯೂಟರ್ ಹುಡುಗರು ಮರುದಿನ ಆಫೀಸಿಗೆ ಹೋಗಿ ಏನು ಮಾಡಿದೆವು? ಹೊರಗಿನ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರೋ ಕಟ್ಟಡಗಳ ಒಳಗಿನ ಯಂತ್ರಗಳಿಗೆ ಸೊನ್ನೆ ಕನ್ನಡದ ಫೈಲು ಬರೆದೆವು. ಬೋರ್ಡು ಬರೆಸೋದು ಕಟ್ಟಡದ ಮಾಲೀಕರ ಕೈಯಲ್ಲಿದೆ. ಫೈಲು ನಮ್ಮ ಕೈಯಲ್ಲೇ ಇತ್ತಲ್ಲ ಸ್ವಾಮಿ!

ಈ ವಿಷಯ ಆಫೀಸಿನಲ್ಲಿ ಎತ್ತಿದಾಗ ಬಂದ ಆಕ್ಷೇಪಗಳನ್ನೂ ಹೇಳಿಬಿಡ್ತೀನಿ, ನೀವೂ ಕೇಳೇ ಕೇಳ್ತೀರಿ.

"ಬೇಕಾದವರು ತಾವೇ ಸೇರಿಸಿಕೊಳ್ಳಲಿ." ಅಡ್ಮಿನ್ ಹಕ್ಕು ನಾವೇ ಕಿತ್ತುಕೊಂಡು, ಸೆಟ್ಟಿಂಗ್ಸಿಗೆ ನಾವೇ ಬೀಗ ಹಾಕಿ, ಸೇರಿಸಿಕೊಳ್ಳಿ ಅನ್ನೋದು ಯಾವ ನ್ಯಾಯ? ಮೇಲಾಗಿ ಸೇರಿಸಬಹುದು ಅಂತ ಗೊತ್ತಿರೋರು ಎಷ್ಟು ಜನ?

"ಟೆಂಪ್ಲೇಟು ಹೆಡ್ ಆಫೀಸಿನದು, ಮುಟ್ಟೋ ಹಾಗಿಲ್ಲ." ಓಹೋ! ಹಾಗಾದರೆ ಟೈಮ್ ಝೋನ್ ಹೇಗೆ ಮುಟ್ಟಿದಿರಿ? ಅದಕ್ಕೆ ಯಾರ ಅಪ್ಪಣೆ ಕೇಳಿದಿರಿ? ಬೆಂಗಳೂರಿನ ಯಂತ್ರಕ್ಕೆ ಬೆಂಗಳೂರಿನ ಗಡಿಯಾರ ಬೇಕು ಅನ್ನೋದು ಸಹಜ ಅನ್ನಿಸಿತು, ಬೆಂಗಳೂರಿನ ಯಂತ್ರಕ್ಕೆ ಬೆಂಗಳೂರಿನ ನುಡಿ ಬೇಕು ಅನ್ನೋದು ಮಾತ್ರ ಚಳವಳಿ ಅನ್ನಿಸಿತು. ಎರಡೂ ಅದೇ ಫೈಲಿನ ಅಕ್ಕಪಕ್ಕದ ಸಾಲುಗಳು.

"ಎರಡು ಕೀಬೋರ್ಡ್ ಇದ್ದರೆ ಗೊತ್ತಿಲ್ಲದೆ ಬದಲಾಗಿ, ಪಾಸ್‌ವರ್ಡ್ ತಪ್ಪಾಗಿ, ಅಕೌಂಟು ಲಾಕಾಗಿ ಹೆಲ್ಪ್‌ಡೆಸ್ಕಿಗೆ ತಲೆನೋವು." ಇದು ನಿಜವಾದ ತೊಂದರೆ, ಒಪ್ಪಿಕೊಳ್ತೀನಿ. ಇದಕ್ಕೆ ಇಂಗ್ಲಿಷನ್ನು ಮೊದಲು ಬರೀಬೇಕು, ಕನ್ನಡ ಎರಡನೆಯದಾಗಿರಲಿ. ಲಾಗಿನ್ ಪರದೆಯಲ್ಲಿ ಇಂಗ್ಲಿಷ್ ಮಾತ್ರ ಇಡಿ. ಅರ್ಧ ದಿನದ ಪರೀಕ್ಷೆ ಸಾಕು. ಅರ್ಧ ದಿನದ ಕೆಲಸವನ್ನು ಅಸಾಧ್ಯ ಅಂತ ಕರೆಯೋದು ಬೇಡ.

"ಫೋನಿನಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತಲ್ಲ ಈಗ." ಶಾಪ್ ಫ್ಲೋರಿನಲ್ಲಿ ಫೋನು ಗೇಟಿನಲ್ಲೇ ಕೊಟ್ಟು ಬರಬೇಕು. ಅಲ್ಲಿನ ಸದ್ದಿನಲ್ಲಿ ಪಕ್ಕದಲ್ಲಿರೋ ಮನುಷ್ಯನಿಗೇ ಮಾತು ಕೇಳಲ್ಲ.

"ಇನ್‌ಸ್ಟಾಲ್ ಮಾಡೋ ಕಾಲವೇ ಮುಗೀತು ಗುರೂ, ಈಗೆಲ್ಲ ಆಟೋಪೈಲಟ್." ಹೌದು, ಆದರೆ ಆಟೋಪೈಲಟ್ಟಿನ ಪ್ರೊಫೈಲಿನಲ್ಲೂ ಭಾಷೆ, ಕೀಬೋರ್ಡು ಅಂತ ಆಯ್ಕೆಗಳಿವೆ. ಉತ್ತರ ಬರೆಯೋ ಜಾಗ ಡಿಸ್ಕಿನಿಂದ ಕ್ಲೌಡಿಗೆ ಹೋಯ್ತು ಅಷ್ಟೆ. ಉತ್ತರ ಬರೆಯೋನು ಇನ್ನೂ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೂತಿರೋ ನಾವೇ.

ತಪ್ಪು ತಿಳೀಬೇಡಿ, ಇಡೀ ವಿಂಡೋಸು ಕನ್ನಡದಲ್ಲೇ ಇರಬೇಕು, ಸ್ಟಾರ್ಟ್ ಬಟನ್ನಿಗೂ ಅಚ್ಚಗನ್ನಡ ಪದ ಹುಡುಕಬೇಕು ಅಂತ ನಾನು ಕೇಳ್ತಿಲ್ಲ. ನಾನೂ ಇಂಗ್ಲಿಷ್ ಮೆನು ಬಳಸೋನೇ. ಕೇಳ್ತಿರೋದು ಇಷ್ಟೇ: ಬರೆಯೋ ಅವಕಾಶ ಇರಲಿ. ಹತ್ತು ವರ್ಷ ಕನ್ನಡದಲ್ಲಿ ಬರೆದ ಕೈಗೆ ಹನ್ನೊಂದನೇ ವರ್ಷ ಬರೆಯೋಕೆ ಬರಲ್ಲ ಅಂತ ಅನ್ನಿಸದಿರಲಿ.

ಇನ್ನು ನಾನು ಏನು ಮಾಡಿದೆ? ಅವತ್ತೇ ಫೈಲಿಗೆ ಕನ್ನಡದ ಸಾಲು ಸೇರಿಸಿದೆ. ಇನ್‌ಸ್ಕ್ರಿಪ್ಟು ಅವರಿಗೆ ಅಭ್ಯಾಸವಿಲ್ಲ, ಕ-ಗ-ಪ ಬೇಕು, ಹಳೇ ಲಾಗು ಓದೋಕೆ ಹಳೇ ಫಾಂಟೂ ಬೇಕು. ಹಾಗಾಗಿ ನುಡಿಯನ್ನೂ ಕೊನೆಯ ಹಂತದ ಸ್ಕ್ರಿಪ್ಟಿಗೆ ಸೇರಿಸಿದೆ. ಪಕ್ಕದಲ್ಲಿ ಒಂದು ಷರಾ ಬರೆದೆ: "ಶಿಫ್ಟ್ ಲಾಗ್ ಕನ್ನಡದಲ್ಲಿ ಬರೆಯುತ್ತಾರೆ, ಈ ಸಾಲು ತೆಗೆಯಬೇಡಿ." ನನ್ನ ಪ್ರಕಾರ ಇಡೀ ಫೈಲಿನಲ್ಲಿ ಅತಿ ಮುಖ್ಯವಾದ ಸಾಲು ಅದೇ, ಯಂತ್ರ ಓದದ ಆ ಷರಾ. ಮುಂದಿನ ಸಲ ನನ್ನಂಥ ಇನ್ನೊಬ್ಬ ಬುದ್ಧಿವಂತ ಶುದ್ಧ ಮಾಡೋಕೆ ಬಂದಾಗ ಒಂದು ಕ್ಷಣ ನಿಲ್ಲಲಿ ಅಂತ.

ಆ ಹಿರಿಯರಿಗೆ ಕ್ಷಮೆ ಕೇಳಿದೆ. ಅವರ ಮ್ಯಾನೇಜರ ಹತ್ತಿರವೂ ಹೋಗಿ, ತಪ್ಪು ಅವರದ್ದಲ್ಲ, ನನ್ನದು ಅಂದೆ. ಮ್ಯಾನೇಜರು ನಕ್ಕು "ಇರ್ಲಿ ಬಿಡಿ" ಅಂದರು. ಹಿರಿಯರು ನಗಲಿಲ್ಲ. ಕೀಬೋರ್ಡ್ ಹತ್ತಿರ ಎಳೆದುಕೊಂಡು 'ಹಲ್ಲು' ಅಂತ ಒಂದು ಸಲ, ಕೆಳಗೆ 'ಹಾಳು' ಅಂತ ಒಂದು ಸಲ ಟೈಪ್ ಮಾಡಿ ನೋಡಿದರು. "ಸರಿ ಇದೆ ಸಾರ್" ಅಂದು ಕೆಲಸಕ್ಕೆ ಎದ್ದರು.

ಇದನ್ನು ಓದ್ತಿರೋ ನಿಮ್ಮಲ್ಲಿ ಅರ್ಧಕ್ಕರ್ಧ ಜನ ಇದೇ ಕಸುಬಿನವರು ಅಂತ ನನಗೆ ಗೊತ್ತು. ನಾಳೆ ಆಫೀಸಿಗೆ ಹೋದಾಗ ಒಂದೇ ಒಂದು ಕೆಲಸ ಮಾಡಿ. ನಿಮ್ಮ ತಂಡದ ಆನ್ಸರ್ ಫೈಲನ್ನು ತೆರೆದು ಭಾಷೆಯ ಸಾಲು ನೋಡಿ. ಇಮೇಜ್ ಬಳಸೋರಾದರೆ ಅದರಲ್ಲಿ ಏನೇನಿದೆ ಅಂತ ಒಂದು ಹಾಳೆಯ ಮೇಲೆ ಬರೆಯೋಕೆ ಪ್ರಯತ್ನ ಮಾಡಿ, ಬರೆಯೋಕೆ ಆಗದಿದ್ದರೆ ನಾನು ಹೇಳಿದ್ದು ಅರ್ಥ ಆಗುತ್ತೆ. ಆ ಯಂತ್ರದ ಮುಂದೆ ಕೂರೋರು ಯಾರು, ಏನು ಬರೀತಾರೆ ಅಂತ ಒಂದು ಸಲ ಹೋಗಿ ಕೇಳಿ. ನಾನು ಕೇಳಿರಲಿಲ್ಲ.

ನಿಮ್ಮ ಫೈಲಿನಲ್ಲಿ ಏನಿತ್ತು? ಬಂದು ಹೇಳ್ತೀರಲ್ಲ?